ಗೊತ್ತಿದ್ದ ವಿಳಾಸ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕನ್ನಡಕದಂಗಡಿಯವಳು ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಒಂದು ಕಂತೆ ಕಾಗದ, ಎರಡು ಹೆಜ್ಜೆ ಹಿಂದೆ ಗಂಡ. ಆತ ಒಳಗೆ ಬಂದವನೇ ಗೋಡೆಗೆ ಒರಗಿ ನಿಂತ, ತಾನು ಬಂದದ್ದು ಬೇರೆ ಯಾವುದೋ ಕೆಲಸಕ್ಕೆ ಎಂಬಂತೆ.

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ನಾನು ಸಾಲ ಮಾಡಿಲ್ಲ ಮೇಡಂ. ಮಾಡಿದ್ದೀನಿ ಅಂತ ಈ ಕಾಗದ ಹೇಳ್ತಾ ಇದೆ. ಯಾರು ಮಾಡಿದ್ದು ಅಂತ ನನಗೆ ಗೊತ್ತಾಗಬೇಕು.”

ಆ ಕಾಗದ ಅವಳ ಕ್ರೆಡಿಟ್ ರಿಪೋರ್ಟ್, ಅವಳ ಹೆಸರಿನ ಸಾಲಗಳ ವರದಿ. ಅವಳು ಬಾಡಿಗೆಗೆ ಹಿಡಿದ ಅಂಗಡಿಯ ಕೋಣೆಯನ್ನು ಮಾಲೀಕ ಮಾರಲು ಹೊರಟಿದ್ದ. ಈ ತಿಂಗಳ ಕೊನೆಯವರೆಗೆ ಮೊದಲ ಅವಕಾಶ ಅವಳಿಗೆ. ತಪ್ಪಿದರೆ ಪಕ್ಕದ ಮೊಬೈಲ್ ಅಂಗಡಿಯವನು ಹಣ ಹಿಡಿದು ಕಾಯುತ್ತಿದ್ದ. ಅವಳು ಬ್ಯಾಂಕಿಗೆ ಅರ್ಜಿ ಹಾಕಿದಳು. ಬ್ಯಾಂಕು ಅವಳ ರಿಪೋರ್ಟ್ ತರಿಸಿ ನೋಡಿ, ಸಾಲ ಕೊಡಲಾಗದು ಎಂದಿತು. ಅವಳ ಹೆಸರಿನಲ್ಲಿ ಮೂರು ವರ್ಷದ ಹಿಂದಿನ ಎರಡು ಸಾಲಗಳಿದ್ದವು: ಒಂದು ಗೃಹೋಪಕರಣಕ್ಕೆ, ಇನ್ನೊಂದು ನಗದು. ಎರಡೂ ಕಟ್ಟದೆ ನಿಂತು ಹೋಗಿದ್ದವು.

“ಬ್ಯಾಂಕಿನವರು ಏನಂದ್ರು?”

“ಬಾಕಿ ಕಟ್ಟಿ ಮುಗಿಸಿಬಿಡಿ ಅಂದ್ರು. ವಸೂಲಿಯವನು ಫೋನ್ ಮಾಡಿ, ಅರ್ಧ ಕಟ್ಟಿದ್ರೂ ನಡೆಯುತ್ತೆ ಅಕ್ಕಾ, ನಿಮಗೋಸ್ಕರ ಅಂದ.”

ಗಂಡ ಗೋಡೆಯಿಂದ ಬೆನ್ನು ಬಿಡಿಸಿದ. “ದೊಡ್ಡ ಮೊತ್ತ ಏನಲ್ಲ ಮೇಡಂ. ಕಟ್ಟಿ ಕೈತೊಳೆದುಕೊಳ್ಳೋಣ ಅಂತ ನಾನೂ ಹೇಳ್ದೆ.”

“ಬಿಡಿಗಾಸೂ ಕಟ್ಟಲ್ಲ,” ಎಂದಳು ಅವಳು, ತಿರುಗಿ ನೋಡದೆ. “ಕಟ್ಟಿದ್ರೆ ಮಾಡಿದ್ದು ನಾನೇ ಅಂತ ಒಪ್ಪಿಕೊಂಡ ಹಾಗೆ.”

ರಿಪೋರ್ಟಿನಲ್ಲಿ ತನ್ನದಲ್ಲದ ಪ್ರತಿಯೊಂದರ ಎದುರಿಗೂ ಅವಳು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದಳು. ಎರಡು ಸಾಲ, ಒಂದು ಫೋನ್ ನಂಬರು, ಅವಳು ಎಂದೂ ಮಾಡದ ಒಂದು ನೌಕರಿ. ಇನ್ಸ್‌ಪೆಕ್ಟರ್ ಮೊದಲ ಪುಟದ ದಪ್ಪಕ್ಷರದ ಸ್ಕೋರ್ ನೋಡಿ, ಉಳಿದದ್ದನ್ನು ಮಗುಚಿ, ಕಂತೆಯನ್ನು ಕಡತಕ್ಕೆ ಸೇರಿಸಿದರು. ಇಂಥ ದೂರುಗಳು ಹೇಗೆ ಮುಗಿಯುತ್ತವೆಂದು ಅವರಿಗೆ ಗೊತ್ತಿತ್ತು. ಆರೋಪಿ ಅಪರಿಚಿತ, ಪತ್ತೆಯಾಗಿಲ್ಲ, ಮುಕ್ತಾಯ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೆಬಲ್. ಅವನನ್ನು ಇಡೀ ಠಾಣೆ ಬಿರುಗಾಳಿ ಎಂದು ಕರೆಯುತ್ತಿತ್ತು, ಅಷ್ಟು ನಿಧಾನ ಅವನು. ಒಂದು ಪ್ರತಿಗೆ ಅವಳ ಸಹಿ ಹಾಕಿಸಿಕೊಂಡು, ಕಣ್ಣಿಂದ ಒಂದು ಗೇಣು ದೂರ ಹಿಡಿದು ಓದಿ, “ಸರಿಯಾಗಿದೆ ತಾಯಿ, ಹೋಗಿ ಬನ್ನಿ,” ಎಂದ.

“ನಿಮಗೆ ಕನ್ನಡಕ ಬೇಕು,” ಎಂದಳು ಅವಳು ಹೋಗುತ್ತಾ. “ಎರಡು ವರ್ಷದಿಂದ ಬೇಕಿತ್ತು.”

ಮಂಗಳವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಮತ್ತು ಬಿರುಗಾಳಿ ಸಾಲ ಕೊಟ್ಟ ಕಂಪನಿಯ ಕಚೇರಿಗೆ ಹೋದರು. ಗಾಜಿನ ಬಾಗಿಲು, ಒಳಗೆ ಆರು ಮೇಜು, ಪ್ರತಿ ಮೇಜಿನ ಮೇಲೂ ಒಂದೊಂದು ಪ್ಲಾಸ್ಟಿಕ್ ಗಿಡ. ಅಲ್ಲಿನ ಮ್ಯಾನೇಜರು ಅರ್ಜಿಯನ್ನು ತೆಗೆದು ಮುಂದಿಟ್ಟ. ಕನ್ನಡಕದಂಗಡಿಯವಳ ಗುರುತಿನ ಚೀಟಿಯ ಜೆರಾಕ್ಸು, ಅವಳದೇ ಫೋಟೊ, ಚೀಟಿಯ ಮೇಲಿನ ವಿಳಾಸ.

“ನಮ್ಮ ಹುಡುಗ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದಾನೆ ಮೇಡಂ. ಹೆಂಗಸು ಇದ್ದರು, ಚೀಟಿಯ ಅಸಲು ಕೇಳಿದ್ದಕ್ಕೆ ಒಳಗಿದೆ ಅಂದರು, ಸಹಿ ಮಾಡಿದರು.”

“ಮುಖ ನೋಡಿದ್ದಾನಾ?”

“ನೋಡಿರ್ತಾನೆ. ಕೆಲಸ ಬಿಟ್ಟು ಹೋದ. ನೋಡಿ ಮೇಡಂ, ಕಟ್ಟೋಕಾಗದೇ ಇದ್ದಾಗ ಎಲ್ಲರೂ ಹಾಡೋದು ಇದೇ ಹಾಡು. ಅವರೇ ತಗೊಂಡಿದ್ದು.”

ಅರ್ಜಿಯ ಜೊತೆ ಒಂದು ಬಿಲ್ಲೂ ಇತ್ತು: ದೊಡ್ಡ ಬಟ್ಟೆ ಒಗೆಯುವ ಯಂತ್ರ, ಅದರ ಕ್ರಮಸಂಖ್ಯೆ. ಗ್ರಾಹಕರೇ ಒಯ್ದಿದ್ದಾರೆ ಎಂಬ ಷರಾ. ಅರ್ಜಿಯಲ್ಲಿದ್ದ ಫೋನ್ ನಂಬರು ಬಂದ್ ಆಗಿತ್ತು.

ಠಾಣೆಗೆ ಮರಳುವಾಗ ಇನ್ಸ್‌ಪೆಕ್ಟರ್ ಕನ್ನಡಕದಂಗಡಿಯ ಮುಂದೆ ಜೀಪು ನಿಲ್ಲಿಸಿದರು. ಎರಡು ಆಳು ಅಗಲದ ಕೋಣೆ. ಗೋಡೆ ತುಂಬ ಕಣ್ಣಿಲ್ಲದ ಫ್ರೇಮುಗಳು. ಅವಳು ಗಾಜು ಉಜ್ಜುವ ಯಂತ್ರದ ಮುಂದೆ ಬಾಗಿದ್ದಳು. ಹಳೆಯ ಯಂತ್ರ, ಬಣ್ಣ ಹೋಗಿದ್ದರೂ ಎಣ್ಣೆ ಕಂಡು ಮಿನುಗುತ್ತಿತ್ತು.

“ಇದು ಸಾಲದ್ದಾ?”

“ಅಲ್ಲ. ಮದುವೆಯಾದ ಹೊಸದರಲ್ಲಿ ಇವರು ಕೂಡಿಟ್ಟ ದುಡ್ಡಲ್ಲಿ ತಂದಿದ್ದು. ಮೊದಲು ಇವರೇ ಅಂಗಡಿ ನಡೆಸ್ತಿದ್ರು, ಆಮೇಲೆ ನನಗೆ ಬಿಟ್ರು.”

“ಕಂಪನಿಯವರ ಹತ್ರ ಇರೋ ಕಾಗದ ಎಲ್ಲ ನಿಮ್ಮದೇ. ಸಾಲ ನೀವೇ ತಗೊಂಡಿದ್ರೆ ಈಗಲೇ ಹೇಳಿಬಿಡಿ. ಸುಳ್ಳು ದೂರು ಕೊಟ್ಟರೆ ಅದೂ ಅಪರಾಧ.”

ಅವಳು ಯಂತ್ರ ನಿಲ್ಲಿಸಿದಳು. ಗಾಜನ್ನು ಬೆಳಕಿಗೆ ಹಿಡಿದು ಅಂಚು ನೋಡಿದಳು, ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಹೇಳಿದಳು: “ಅನುಮಾನ ಇದ್ರೆ ನನ್ನ ಮೇಲೇ ಕೇಸು ಹಾಕಿ. ಆದ್ರೆ ಕಡತ ಮಾತ್ರ ಮುಚ್ಚಬೇಡಿ. ನನ್ನ ಹೆಸರಲ್ಲಿ ಮೂರು ವರ್ಷ ಯಾರೋ ಬದುಕಿದ್ದಾರೆ. ಹೇಗೆ ಬದುಕಿದ್ರು ಅಂತ ನೀವು ಇನ್ನೂ ಓದೇ ಇಲ್ಲ.”

ಇನ್ಸ್‌ಪೆಕ್ಟರ್ ಮುಖಕ್ಕೆ ಹೊಡೆದಂತಾಯಿತು. ಓದಿಲ್ಲವೆಂಬುದು ನಿಜವಾಗಿತ್ತು. ಜೀಪಿನಲ್ಲಿ ಬಿರುಗಾಳಿ ಮೆಲ್ಲಗೆ ಕೇಳಿದ, “ನನ್ನ ಕಣ್ಣಿನ ವಿಷಯ ಏನಾದ್ರೂ ಹೇಳಿದ್ರಾ ಮೇಡಂ?”

“ಇಲ್ಲ. ನನ್ನ ಕಣ್ಣಿನ ವಿಷಯ ಹೇಳಿದ್ರು.”

ಬುಧವಾರ ಹತ್ತು ಗಂಟೆಗೆ ಅವರು ಕಂತೆ ಹಿಡಿದುಕೊಂಡು, ಅವಳಿಗೆ ಸಾಲ ನಿರಾಕರಿಸಿದ ಬ್ಯಾಂಕಿಗೇ ಹೋದರು. ಗಂಡ ಹೆಂಡತಿಯನ್ನೂ ಬರಹೇಳಿದ್ದರು. ಸಾಲ ವಿಭಾಗದ ಅಧಿಕಾರಿಣಿ ಚಿಕ್ಕ ವಯಸ್ಸಿನವಳು, ಮಾತು ಖಡಕ್. ಸ್ಕೋರಿನ ಪುಟವನ್ನು ತೆಗೆದು ಬೋರಲು ಹಾಕಿದಳು.

“ಎಲ್ಲರೂ ಮೊದಲು ಇದನ್ನೇ ನೋಡ್ತಾರೆ. ಇದು ಪರೀಕ್ಷೆಯಲ್ಲಿ ಬಂದ ಅಂಕ ಅಷ್ಟೇ. ಉತ್ತರ ಬರೆದಿರೋದು ಒಳಗೆ.”

“ಒಂದೊಂದಾಗಿ ಹೇಳಿ,” ಎಂದರು ಇನ್ಸ್‌ಪೆಕ್ಟರ್.

“ಕೊನೆಯಿಂದ ಬರ್ತೀನಿ. ಇದು ಎನ್‌ಕ್ವೈರಿ ಭಾಗ. ಸಾಲಕ್ಕೆ ಅರ್ಜಿ ಬಂದಾಗೆಲ್ಲ ಕೊಡುವವರು ರಿಪೋರ್ಟ್ ತರಿಸ್ತಾರೆ. ಯಾರು ತರಿಸಿದರು, ಯಾವತ್ತು, ಯಾವ ಸಾಲಕ್ಕೆ ಅಂತ ಇಲ್ಲಿ ದಾಖಲಾಗುತ್ತೆ. ಕಳ್ಳತನ ಮಾಡುವವರು ಒಂದೇ ವಾರದಲ್ಲಿ ಹತ್ತು ಕಡೆ ಅರ್ಜಿ ಹಾಕ್ತಾರೆ, ಸಿಕ್ಕಷ್ಟು ಬಾಚಿಕೊಳ್ಳೋಕೆ. ಇಲ್ಲಿ ನೋಡಿ. ಎರಡೇ ಅರ್ಜಿ, ಎರಡೂ ಮಂಜೂರು.”

“ಅಂದ್ರೆ?”

“ಈ ಹೆಸರು ಚೊಕ್ಕ ಇದೆ, ಕೇಳಿದ ತಕ್ಷಣ ಸಿಗುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಬೇಕಾದಷ್ಟು ಮಾತ್ರ ತಗೊಂಡಿದ್ದಾರೆ.”

ಇನ್ಸ್‌ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡರು. ಅಧಿಕಾರಿಣಿ ಪುಟ ಹಿಂದೆ ಸರಿಸಿದಳು. ಸಾಲದ ಖಾತೆಗಳ ಭಾಗ. ಪ್ರತಿ ಖಾತೆಯ ಕೆಳಗೂ ಪುಟ್ಟ ಪುಟ್ಟ ಚೌಕಗಳ ಒಂದು ಸಾಲು.

“ತಿಂಗಳಿಗೊಂದು ಚೌಕ. ಸೊನ್ನೆ ಇದ್ದರೆ ಕಂತು ಸರಿಯಾಗಿ ಬಂದಿದೆ. ಮೂವತ್ತು ಅಂದರೆ ಮೂವತ್ತು ದಿನ ತಡ.”

ಚೌಕಗಳ ತುಂಬ ಸೊನ್ನೆಗಳಿದ್ದವು.

“ಕಟ್ಟಿದ್ದಾರಲ್ಲ,” ಎಂದ ಬಿರುಗಾಳಿ, ಕಾಗದವನ್ನು ದೂರ ಹಿಡಿದು. “ನಾನೇ ಇಷ್ಟು ಸರಿಯಾಗಿ ಕಟ್ಟಿಲ್ಲ. ಇಂಥ ಕಳ್ಳ ಸಿಕ್ಕಿದ್ರೆ ನನ್ನ ಹೆಸರನ್ನೂ ಕೊಡ್ತೀನಿ.”

ಇನ್ಸ್‌ಪೆಕ್ಟರ್ ಬೆರಳು ಚೌಕಗಳ ಮೇಲೆ ಓಡುತ್ತಿತ್ತು. ಮೊದಲ ವರ್ಷ, ಬೇಸಿಗೆಯ ಎರಡು ತಿಂಗಳು: ಮೂವತ್ತು, ಅರವತ್ತು. ಆಮೇಲೆ ಮತ್ತೆ ಸೊನ್ನೆ. ಎರಡನೆಯ ವರ್ಷ ಅದೇ ಎರಡು ತಿಂಗಳು, ಅದೇ ಮೂವತ್ತು, ಅರವತ್ತು, ಮತ್ತೆ ಸೊನ್ನೆ. ಮೂರನೆಯ ವರ್ಷದ ಬೇಸಿಗೆ ಬಂದಾಗ ತಡ ಶುರುವಾದದ್ದು ನಿಲ್ಲಲೇ ಇಲ್ಲ. ತೊಂಬತ್ತು, ನೂರಿಪ್ಪತ್ತು, ಹಾಗೇ ಮುಂದಕ್ಕೆ.

“ಬೇಸಿಗೆ ರಜೆ,” ಎಂದರು ಅವರು. “ರಜೆ ಬಂದಾಗ ಸಂಪಾದನೆ ನಿಲ್ಲುತ್ತೆ. ಶಾಲೆ, ಕಾಲೇಜು, ಹಾಸ್ಟೆಲು, ಇಂಥ ಕಡೆ ದುಡಿಯೋರು. ಬಾಗಿಲು ತೆರೆದ ಕೂಡಲೇ ಹಳೇ ಬಾಕಿ ಸೇರಿಸಿ ಕಟ್ಟಿದ್ದಾರೆ. ಮೂರನೇ ಸಲ ಆ ಬಾಗಿಲು ಇವರ ಪಾಲಿಗೆ ತೆರೆದಿಲ್ಲ.”

ಕನ್ನಡಕದಂಗಡಿಯವಳು ಏನೋ ನೆನಪಿಸಿಕೊಳ್ಳುವವಳಂತೆ ಹುಬ್ಬು ಗಂಟಿಕ್ಕಿದಳು. ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಲಿ ನೋಡಲು ಎದುರಿನ ಗೋಡೆಯ ಹೊರತು ಏನೂ ಇರಲಿಲ್ಲ.

“ಇನ್ನು ಮೊದಲನೇ ಭಾಗ,” ಎಂದಳು ಅಧಿಕಾರಿಣಿ. “ಹೆಸರು, ಗುರುತು, ಫೋನು, ವಿಳಾಸ. ಬಹಳ ಜನ ಓದೋದೇ ಇಲ್ಲ, ನಮ್ಮ ಹೆಸರು ನಮಗೆ ಗೊತ್ತಲ್ಲ ಅಂತ.”

ಮೂರು ವಿಳಾಸಗಳಿದ್ದವು. ಒಂದು ಅವಳ ಮನೆ, ಒಂದು ಅಂಗಡಿ. ಮೂರನೆಯದು ಅರ್ಜಿಯಲ್ಲಿದ್ದ ಹಳೆಯ ಮನೆ. ಯಾವುದರ ಎದುರಿಗೂ ಕೆಂಪು ಗೆರೆ ಇರಲಿಲ್ಲ.

“ಇದಕ್ಕೆ ಯಾಕೆ ಗೆರೆ ಎಳೆದಿಲ್ಲ?”

“ಅದು ನಂದೇ ವಿಳಾಸ ಮೇಡಂ. ಮದುವೆಯಾಗಿ ಹೋದ ಮನೆ. ಅಲ್ಲಿಂದ ಬಿಟ್ಟು ಬಂದು ಎಂಟು ವರ್ಷ ಆಯ್ತು. ನನ್ನ ಚೀಟಿಯಲ್ಲಿ ಇನ್ನೂ ಅದೇ ಇದೆ.”

“ನಾನೂ ಚೀಟಿಯಿಂದ ಬಂದಿದ್ದು ಅಂದುಕೊಂಡೆ,” ಎಂದರು ಇನ್ಸ್‌ಪೆಕ್ಟರ್.

ಅಧಿಕಾರಿಣಿ ಪೆನ್ನಿನ ತುದಿಯನ್ನು ಪಕ್ಕದ ತಾರೀಖಿನ ಮೇಲಿಟ್ಟಳು. “ವಿಳಾಸ ಯಾವತ್ತು ವರದಿಯಾಯ್ತು ಅಂತ ಇಲ್ಲಿರುತ್ತೆ. ಎಂಟು ವರ್ಷದ ಹಿಂದಿನದಲ್ಲ, ಮೊನ್ನೆ ಮೊನ್ನೆಯದು. ಆ ಕಂಪನಿ ಈ ಗ್ರಾಹಕರನ್ನು ಇವತ್ತಿಗೂ ಹುಡುಕ್ತಿರೋದು ಈ ಮನೆಯಲ್ಲೇ. ನೋಟಿಸುಗಳೆಲ್ಲ ಅಲ್ಲಿಗೇ ಹೋಗಿರ್ತವೆ.”

ಇನ್ಸ್‌ಪೆಕ್ಟರ್ ಅಲ್ಲಿಂದಲೇ ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿದರು. ನಾಲ್ಕು ನೋಟಿಸು ಹೋಗಿದ್ದವು. ನಾಲ್ಕೂ ತಲುಪಿದ್ದವು. ಒಂದೂ ವಾಪಸು ಬಂದಿರಲಿಲ್ಲ.

“ಬೇರೆಯವರ ಹೆಸರಿನ ಸಾಲದ ನೋಟಿಸು ನಾಲ್ಕು ಸಲ ಮನೆಗೆ ಬಂದಿದೆ,” ಎಂದು ಅವರು ಡೈರಿ ಮುಚ್ಚಿದರು. “ತಗೊಂಡವರು ತುಟಿಪಿಟಕ್ ಅಂದಿಲ್ಲ. ಆ ಮನೆಯಲ್ಲಿ ಈಗ ಯಾರಿದ್ದಾರೆ?”

ಕನ್ನಡಕದಂಗಡಿಯವಳು ಗಂಡನ ಕಡೆ ತಿರುಗಿದಳು. ಅವನ ಕತ್ತು ಕಿಟಕಿಯಿಂದ ಈಚೆ ಬರಲಿಲ್ಲ.

“ನಿಮ್ಮನ್ನೇ ಕೇಳ್ತಿರೋದು,” ಎಂದರು ಇನ್ಸ್‌ಪೆಕ್ಟರ್ ಅವನಿಗೆ.

“ನಮ್ಮಕ್ಕ ಇದ್ದಾಳೆ,” ಎಂದ ಅವನು. “ಒಬ್ಬಳೇ.”

“ಏನು ಕೆಲಸ?”

ಉತ್ತರ ಹೆಂಡತಿಯಿಂದ ಬಂತು, ನಿಧಾನವಾಗಿ, ಒಂದೊಂದೇ ಪದ. “ಹಾಸ್ಟೆಲಿನ ಬಟ್ಟೆ ಒಗೀತಾರೆ.”

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ಸ್‌ಪೆಕ್ಟರ್, ಬಿರುಗಾಳಿ, ಇಬ್ಬರು ಪಂಚರು ಆ ಮನೆಯ ಬಾಗಿಲು ತಟ್ಟಿದರು. ಐವತ್ತರ ಹೆಂಗಸು ತೆರೆದಳು. ಒದ್ದೆ ಕೈ, ಮೊಣಕೈವರೆಗೆ ಮಡಚಿದ ತೋಳು. ಸಮವಸ್ತ್ರ ನೋಡಿ ಹಿಂದೆ ಸರಿಯಲಿಲ್ಲ, ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತೆರೆದಳು.

ಹಿತ್ತಲಲ್ಲಿ ತಗಡಿನ ಚಾವಣಿ. ಅದರ ಕೆಳಗೆ ಇಟ್ಟಿಗೆಗಳ ಮೇಲೆ ಏರಿಸಿ ನಿಲ್ಲಿಸಿದ ದೊಡ್ಡ ಯಂತ್ರ. ಅಡ್ಡಡ್ಡ ಎಂಟು ತಂತಿ. ಏಳರ ಮೇಲೆ ಏನೂ ಇಲ್ಲ, ಒಂದರ ಮೇಲೆ ನೆರೆಯವರದಿರಬೇಕು, ನಾಲ್ಕು ಬಟ್ಟೆ. ಬಿರುಗಾಳಿ ಬಗ್ಗಿ, ಮೊಣಕಾಲೂರಿ, ಕೊನೆಗೆ ನೆಲದ ಮೇಲೇ ಕೂತು ಯಂತ್ರದ ಬೆನ್ನಿನ ಕ್ರಮಸಂಖ್ಯೆ ಓದಿದ. ಬಿಲ್ಲಿನೊಂದಿಗೆ ತಾಳೆಯಾಯಿತು. ಪಂಚನಾಮೆ ಬರೆದರು. ನಾಲ್ಕು ನೋಟಿಸುಗಳನ್ನು ಅವಳೇ ಕಬ್ಬಿಣದ ಕಪಾಟಿನಿಂದ ತಂದು ಕೊಟ್ಟಳು.

“ಚೀಟಿಯ ಪ್ರತಿ ಎಲ್ಲಿ ಸಿಕ್ತು?”

“ಇದೇ ಕಪಾಟಲ್ಲಿತ್ತು. ಮನೆ ಬಿಟ್ಟು ಹೋಗುವಾಗ ಹಳೇ ಕಾಗದ ಎಲ್ಲ ಬಿಟ್ಟು ಹೋಗಿದ್ರು. ಫೋಟೊನೂ ಇತ್ತು.”

“ಸಹಿ?”

“ನಾನೇ ಹಾಕ್ದೆ. ನಗದು ಈ ಚಾವಣಿಗೆ, ತಂತಿಗೆ ಹೋಯ್ತು.”

“ಮೊದಲು ಯಾಕೆ ನಿಮ್ಮ ಹೆಸರಲ್ಲೇ ಕೇಳಲಿಲ್ಲ?”

ಅವಳು ಕೈ ಒರೆಸಿಕೊಂಡಳು. “ಕೇಳಿದೆ. ಮೂರು ಕಡೆ ಕೇಳಿದೆ. ಕೈಯಲ್ಲಿ ಒಗೆದು ಒಗೆದು ಬೆರಳು ಸೆಟೆದಿತ್ತು. ಹಾಸ್ಟೆಲಿನವರು, ಮೆಷಿನ್ ಇದ್ರೆ ಮಾತ್ರ ಕೆಲಸ ಕೊಡ್ತೀವಿ ಅಂದ್ರು. ಕೊಡುವವರು ನನ್ನ ಹೆಸರು ಹಾಕಿ ನೋಡಿ, ಇಲ್ಲ ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ, ನನಗೆ ಮಾತ್ರ ಅಂದಾಜಿತ್ತು. ನನ್ನ ರಿಪೋರ್ಟೂ ತೆಗೆಸಿ ಮೇಡಂ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಈ ಸಲ ನನ್ನದೇ ಸಹಿ.”

“ತಪ್ಪು ಅನ್ನಿಸಲಿಲ್ವಾ?”

“ಎರಡು ವರ್ಷ ಕಟ್ಟಿದ್ದೀನಿ. ಒಂದೊಂದು ಹೊತ್ತು ಬಿಟ್ಟು ಕಟ್ಟಿದ್ದೀನಿ. ಹಾಸ್ಟೆಲಿನವರು ತಾವೇ ಮೆಷಿನ್ ತಂದುಕೊಂಡ್ರು, ಆಗ ನಿಂತೋಯ್ತು. ಅಲ್ಲೀವರೆಗೆ ಅವಳ ಹೆಸರಿಗೆ ಒಂದು ಚುಕ್ಕೆ ಬೀಳದ ಹಾಗೆ ನೋಡ್ಕೊಂಡೆ. ನನ್ನ ಹೆಸರನ್ನ ಯಾರೂ ಹಾಗೆ ನೋಡ್ಕೊಳ್ಳಲಿಲ್ಲ.”

ಹನ್ನೊಂದು ಗಂಟೆಗೆ ಬಂಧನ. ವಂಚನೆ, ಸುಳ್ಳು ದಾಖಲೆ. ಜೀಪು ಹತ್ತುವ ಮುನ್ನ ಅವಳು ಹಿಂದೆ ಹೋಗಿ ತಂತಿಯ ಮೇಲಿನ ನಾಲ್ಕು ಬಟ್ಟೆ ಮಡಚಿ ನೆರೆಮನೆಯ ಗೋಡೆಯ ಮೇಲಿಟ್ಟು ಬಂದಳು. ಬಿರುಗಾಳಿ ಅವಸರ ಮಾಡಲಿಲ್ಲ.

ಅವಳ ರಿಪೋರ್ಟು ಮೂರು ಗಂಟೆಗೆ ಠಾಣೆಗೆ ಬಂತು. ತೆಳ್ಳಗಿತ್ತು. ಇನ್ಸ್‌ಪೆಕ್ಟರ್ ಈ ಸಲ ಸ್ಕೋರನ್ನು ಬೋರಲು ಹಾಕಿ ಖಾತೆಗಳ ಭಾಗ ತೆರೆದರು. ಇದ್ದದ್ದು ಒಂದೇ ಖಾತೆ. ಹದಿಮೂರು ವರ್ಷ ಹಳೆಯದು, ವಸೂಲಾಗದ ಸಾಲವೆಂದು ಬ್ಯಾಂಕು ಕೈಬಿಟ್ಟದ್ದು. ಚೌಕಗಳಲ್ಲಿ ಒಂದಾದರೂ ಸೊನ್ನೆ ಇರಲಿಲ್ಲ. ಖಾತೆಯಲ್ಲಿ ಅವಳ ಪಾತ್ರ: ಜಾಮೀನುದಾರಳು. ಸಾಲಗಾರ ಬೇರೆ. ಬ್ಯಾಂಕಿಗೆ ಫೋನು ಮಾಡಿ ಸಾಲಗಾರ ಯಾರು, ಯಾತಕ್ಕೆ ಎಂದು ಕೇಳಿದರು. ಅತ್ತ ಕಡೆಯ ಅಧಿಕಾರಿಣಿ ಕಡತ ತೆಗೆಸಿ ಓದಿದಳು. ಇನ್ಸ್‌ಪೆಕ್ಟರ್ ಕೇಳಿಸಿಕೊಂಡು, ಕನ್ನಡಕದಂಗಡಿಯವಳಿಗೂ ಅವಳ ಗಂಡನಿಗೂ ಹೇಳಿ ಕಳಿಸಿದರು.

ಇಬ್ಬರೂ ಬಂದಾಗ ಗಂಡನ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಕನ್ನಡಕದಂಗಡಿಯವಳು ಅವಳ ಎದುರಿಗೆ ನಿಂತಳು.

“ಅತ್ತಿಗೆ, ಒಂದು ಮಾತು ಕೇಳಬಹುದಿತ್ತು. ಕೊಡ್ತಿದ್ದೆ.”

“ಕೇಳಿ ತಗೊಂಡಿದ್ರೆ ಋಣ. ನನಗೆ ಬರಬೇಕಾದ್ದನ್ನ ನಾನು ಯಾಕೆ ಕೇಳಲಿ? ನಿನ್ನ ಗಂಡ ನನ್ನ ಹೆಸರು ತಗೊಂಡು ಹೋದ. ನಾನು ಅವನ ಮನೆಯಿಂದ ಒಂದು ಹೆಸರು ತಗೊಂಡೆ.”

“ಅದು ಅವರ ಹೆಸರಾಗಿರಲಿಲ್ಲ,” ಎಂದಳು ಕನ್ನಡಕದಂಗಡಿಯವಳು. “ನಂದು.”

ಆ ದಿನ ಗಂಡನ ಅಕ್ಕ ಮೊದಲ ಸಲ ನೆಲ ನೋಡಿದಳು.

“ಏನು ತಗೊಂಡು ಹೋದ್ರು ಇವರು?” ಕನ್ನಡಕದಂಗಡಿಯವಳು ಇನ್ಸ್‌ಪೆಕ್ಟರರನ್ನು ಕೇಳಿದಳು.

“ಹದಿಮೂರು ವರ್ಷದ ಹಿಂದೆ ಒಂದು ಸಾಲ. ನಿಮ್ಮ ಯಜಮಾನರದು, ಇವರು ಜಾಮೀನು. ಒಂದು ಕಂತೂ ಬಂದಿಲ್ಲ. ಸಾಲ ಕೊಟ್ಟಿದ್ದು ಗಾಜು ಉಜ್ಜುವ ಯಂತ್ರಕ್ಕೆ.”

ಗಂಡ ಕುರ್ಚಿಯ ಬೆನ್ನು ಹಿಡಿದುಕೊಂಡ. “ಆಗ ವ್ಯಾಪಾರ ಇರಲಿಲ್ಲ. ಮುಂದೆ ಕಟ್ಟೋಣ ಅಂತ… ಆಮೇಲೆ ಬ್ಯಾಂಕಿನವರೂ ಕೇಳೋದು ಬಿಟ್ರು.”

“ನೀವು ಮರೆತ್ರಿ,” ಎಂದಳು ಹೆಂಡತಿ. “ಸೋಮವಾರ ಇಲ್ಲಿ ಗೋಡೆಗೆ ಒರಗಿ, ಕಟ್ಟಿ ಕೈತೊಳೆದುಕೊಳ್ಳೋಣ ಅಂದಾಗ ನಿಮಗೆ ನೆನಪಾಗಿತ್ತು. ವಿಳಾಸ ನೋಡಿದಾಗಲೇ ಇದು ಅಕ್ಕ ಅಂತ ಗೊತ್ತಾಗಿತ್ತು.”

ಹೊರಗೆ ಯಾರದೋ ಗಾಡಿ ಶುರುವಾಗದೆ ಕೆಮ್ಮುತ್ತಿತ್ತು.

“ದೂರು ವಾಪಸ್ ತಗೋ,” ಎಂದ ಗಂಡ ಕೊನೆಗೆ. “ಮನೆ ವಿಷಯ. ಅಕ್ಕ ಜೈಲಿಗೆ ಹೋಗ್ತಾಳೆ.”

“ವಾಪಸ್ ತಗೊಂಡ್ರೆ ಆ ಸಾಲ ಮತ್ತೆ ನಂದಾಗುತ್ತೆ. ತಗೊಳ್ಳಲ್ಲ. ಅವರು ಮಾಡಿದ್ದು ಅವರು ಅನುಭವಿಸಲಿ. ಮೇಡಂ, ಇವರು ಮಾಡಿದ್ದಕ್ಕೆ ಯಾವ ಕೇಸು?”

“ಸಾಲ ತೀರಿಸದೇ ಇರೋದಕ್ಕೆ ನಾನು ಕೇಸು ಹಾಕೋಕಾಗಲ್ಲ.”

“ಹಾಗಾದ್ರೆ ನಾನು ನೋಡ್ಕೋತೀನಿ,” ಎಂದು ಅವಳು ಗಂಡನ ಕಡೆ ಕೈ ಚಾಚಿದಳು. “ಅಂಗಡಿ ಬೀಗದ ಕೈ ಕೊಡಿ. ಆ ಹಳೇ ಸಾಲ ತೀರಿಸಿ, ಬ್ಯಾಂಕಿನ ಕಾಗದ ಅತ್ತಿಗೆ ಕೈಗೆ ಕೊಡೋವರೆಗೂ ನೀವು ಆ ಮೆಷಿನ್ ಮುಟ್ಟೋ ಹಾಗಿಲ್ಲ. ನಾನು ಮುಟ್ಟಿದ ಪ್ರತಿ ದಿನದ ಬಾಡಿಗೆ ಅವರಿಗೆ ಹೋಗುತ್ತೆ.”

ಬೀಗದ ಕೈ ಈ ಕೈಯಿಂದ ಆ ಕೈಗೆ ಬಂತು. ಬಿರುಗಾಳಿ ಮೇಜಿನ ಮೇಲಿನ ಕಾಗದವನ್ನು ತೀರಾ ಆಸಕ್ತಿಯಿಂದ ಓದುತ್ತಿದ್ದ. ಅದು ಖಾಲಿ ಹಾಳೆ.

ಶುಕ್ರವಾರ ಬೆಳಿಗ್ಗೆ ನ್ಯಾಯಾಲಯಕ್ಕೆ ಹೊರಡುವ ಮುನ್ನ ಬ್ಯಾಂಕಿನಿಂದ ಫೋನು ಬಂತು. ಎಫ್‌ಐಆರ್ ಮತ್ತು ಬಂಧನದ ಪ್ರತಿ ತಲುಪಿತ್ತು; ಆ ಎರಡು ಖಾತೆಗಳ ಮೇಲೆ ವಿವಾದದಲ್ಲಿದೆ ಎಂಬ ಗುರುತು ಬಿದ್ದಿತ್ತು; ಕನ್ನಡಕದಂಗಡಿಯ ಅರ್ಜಿಯನ್ನು ತಿಂಗಳು ಮುಗಿಯುವ ಮೊದಲೇ ಮತ್ತೆ ನೋಡುತ್ತಾರಂತೆ. ಇನ್ಸ್‌ಪೆಕ್ಟರ್ ಅದನ್ನು ಡೈರಿಯಲ್ಲಿ ಬರೆದರು.

“ಮೇಡಂ, ಕೃತ್ಯದ ಉದ್ದೇಶ ಅಂತ ಒಂದು ಕಾಲಂ ಇದೆ,” ಎಂದ ಬಿರುಗಾಳಿ. “ಹಣದಾಸೆ ಅಂತ ಹಾಕ್ಲಾ?”

“ಬೇಡ. ಆರೋಪಿ ತನ್ನ ಹೆಸರಿನಲ್ಲಿ ದುಡಿಯಲು ಯಂತ್ರ ಕೊಳ್ಳಲಾಗದೆ, ಬೇರೊಬ್ಬರ ಹೆಸರಿನಲ್ಲಿ ಕೊಂಡು ದುಡಿದಿದ್ದಾಳೆ. ಹಾಗೆ ಬರೀರಿ.”

ಅವನು ಬರೆದ. ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು.

ನ್ಯಾಯಾಲಯದ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಕನ್ನಡಕದಂಗಡಿಯವಳ ಗಂಡ ಅಕ್ಕನಿಗಾಗಿ ಕಾದಿದ್ದ. ಕ್ಷೌರ ಮಾಡಿಕೊಂಡಿರಲಿಲ್ಲ. ಕೈಯಲ್ಲಿ ತನ್ನ ಗುರುತಿನ ಚೀಟಿ ಹಿಡಿದಿದ್ದ.

“ಅಕ್ಕಾ, ವಕೀಲರು ಹೇಳಿದ್ರು. ಯಾರಾದ್ರೂ ಜಾಮೀನು ನಿಂತ್ರೆ ಇವತ್ತೇ ಬಿಡ್ತಾರಂತೆ. ನಾನು ನಿಲ್ತೀನಿ.”

ಅವಳು ಚೀಟಿಯನ್ನು ತೆಗೆದುಕೊಂಡಳು. ಒಂದು ಕ್ಷಣ ಅವನ ಫೋಟೊ ನೋಡಿದಳು, ಹಿಂದೆ ತಿರುಗಿಸಿ ವಿಳಾಸ ಓದಿದಳು. ಆಮೇಲೆ ಅವನ ಅಂಗಿಯ ಜೇಬಿಗೆ ಇಳಿಸಿ, ಹೊರಗೆ ಇಣುಕಿದ್ದ ತುದಿಯನ್ನು ಬೆರಳಿನಿಂದ ಒಳಗೆ ತಳ್ಳಿದಳು.

“ಇಟ್ಕೋ,” ಎಂದಳು. “ಜಾಮೀನು ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ಲ.”

ಬಾಗಿಲು ತೆರೆಯಿತು. ಒಳಗಿಂದ ಅವಳ ಹೆಸರು ಕೂಗಿದರು. ಇನ್ಸ್‌ಪೆಕ್ಟರ್ ಅವಳ ತೋಳು ಹಿಡಿಯಲು ಕೈ ನೀಡುವ ಮೊದಲೇ ಅವಳು ಸೆರಗು ಸರಿಮಾಡಿಕೊಂಡು, ಬಂದೆ ಎಂದು ತನ್ನ ಹೆಸರಿಗೆ ತಾನೇ ಓಗೊಟ್ಟು ಒಳಗೆ ನಡೆದಳು.